ಟವೆಲ್ ಹಾಕಿದ ಸೀಟು

ಸುರಪುರದ ಒಂದು ದವಾಖಾನೆಯಲ್ಲಿ ರೋಗಿಗಳ ಉಸಿರಾಟ ತೋರಿಸುವ ಯಂತ್ರ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಅದನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶ, ಅಂದರೆ ಕರ್ನಲ್ ಕೋಡು, ಬರೆದವಳು ನಾನು. ಎರಡು ಕೆಲಸಗಳು ಏಕಕಾಲಕ್ಕೆ ಯಂತ್ರದ ಮೆಮೊರಿಯ ಒಂದೇ ಜಾಗದಲ್ಲಿ ಬರೆಯದಂತೆ ಲಾಕ್ ಹಾಕಿದ್ದೆ, ಆದರೂ ನಿಲ್ಲುತ್ತಿತ್ತು.

ನೋಡಲು ಹೊರಟವಳು ಶಹಾಪುರದಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದೆ. ಬಾಗಿಲಿನಿಂದ ಹತ್ತಿ ಬರುವಷ್ಟರಲ್ಲಿ ಪಕ್ಕದ ಗೋಗಿ ಊರಿನ ಹೆಂಗಸೊಬ್ಬಳು ಅದರ ಮೇಲೇ ಕೂತಿದ್ದಳು.

"ನಮ್ಮ ಹಾಸನದ ಕಡೆ ಟವೆಲ್ ಕಂಡರೆ ಯಾರೂ ಕೂರುವುದಿಲ್ಲಮ್ಮ."

"ನಾ ಸೀಟು ನೋಡೀನ್ರಿ ಅಮ್ಮಾರ, ಟವೆಲ್ ಯಾಕ ನೋಡ್ಲಿ?"

ನನ್ನ ಲಾಕೂ ಅಷ್ಟೇ, ನೋಡಿದವರನ್ನು ಮಾತ್ರ ತಡೆಯುತ್ತದೆ. ನೋಡದೆ ನುಗ್ಗುವ ದಾರಿಗಳು ಕೋಡಿನ ಸಾವಿರಾರು ಸಾಲುಗಳಲ್ಲಿ ಎಷ್ಟಿವೆಯೋ. ಎಲ್ಲವನ್ನೂ ಹುಡುಕುವಷ್ಟು ಆಯುಷ್ಯ ನನಗೆ ಉಳಿದಿಲ್ಲ, ಆ ಹಾಸಿಗೆಗಳಲ್ಲಿ ಮಲಗಿದವರಿಗೂ ಕಾಯುವಷ್ಟು ಸಮಯವಿಲ್ಲ.

ಸುರಪುರದವರೆಗೆ ನಾನು ನಿಂತೇ ಹೋದೆ. ಟವೆಲ್ ಮಾತ್ರ ಸೀಟಿನಲ್ಲಿ ಬಂತು.