ಹೆಸರು ಬರೆಯಬೇಕಾಗಿಲ್ಲ

"ಅಂಕಲ್, ನೇಮ್ ಇರಲ್ಲ ಅಂತ ನೀವೇ ಹೇಳಿದ್ರಿ ಅಲ್ವಾ?"

ಕನ್ನಡ ಸಂಘದ ಊಟದ ಸಾಲಿನಲ್ಲಿ ಮೇಘನಾ ಹೀಗೆ ಕೇಳಿದಾಗ ನನ್ನ ತಟ್ಟೆಗೆ ಬಿಸಿಬೇಳೆಬಾತ್ ಬಿದ್ದಿತ್ತಷ್ಟೆ. ತಟ್ಟೆ ಹಿಡಿದು ಸಾಲಿನಿಂದ ಈಚೆ ಬಂದೆ.

ಮೇಘನಾ ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ನಮ್ಮ ಹಿಂದಿನ ಬೀದಿಯ ಡಾಕ್ಟರ ಮಗಳು. ಇಲ್ಲೇ ಹುಟ್ಟಿದವಳು. ನಮ್ಮವರ ಮಕ್ಕಳೆಲ್ಲ ಕೋಡಿಂಗ್, ಮೆಡಿಸಿನ್ ಎಂದು ಹೊರಟರೆ ಇವಳು ಪೊಲೀಸ್ ಆದಳು. (ಅವಳಮ್ಮ ಒಂದು ವರ್ಷ ಯಾರಿಗೂ ಹೇಳಿರಲಿಲ್ಲ.) ಹತ್ತಿರದ ಪುಟ್ಟ ಊರೊಂದರ ಠಾಣೆಯಲ್ಲಿ ಕೆಲಸ. ಹೆಸರು, ಮನೆತನ ಎಲ್ಲ ಬದಲಿಸಿ ಬರೆಯುತ್ತಿದ್ದೇನೆ. ಈ ಸಲವಾದರೂ.

ಕಳೆದ ವರ್ಷ ಆ ಇಲಾಖೆ ಒಂದು ಸರ್ವೇ ಮಾಡಿಸಿತು. ನಿಮ್ಮ ಠಾಣೆಯ ಕಮಾಂಡರ್ ಎಂಥ ನಾಯಕ? ಐದಕ್ಕೆ ಎಷ್ಟು ಕೊಡುತ್ತೀರಿ? ಮನಸ್ಸು ಬಿಚ್ಚಿ ಬರೆಯಿರಿ, ಹೆಸರು ಬೇಡ. ಕಾಂಟ್ರ್ಯಾಕ್ಟ್ ಸಿಕ್ಕಿದ್ದು ನಮ್ಮ ಕಂಪನಿಗೆ. ಕೋಡ್ ಬರೆದವನು ನಾನು. "ಧೈರ್ಯವಾಗಿ ಬರಿಯಮ್ಮ, ಹೆಸರೇ ಸೇವ್ ಆಗಲ್ಲ" ಎಂದು ಮೇಘನಾಗೆ ಎದೆ ತಟ್ಟಿಕೊಂಡು ಹೇಳಿದವನೂ ನಾನೇ.

ಅವಳು ಬರೆದಳು. ಐದಕ್ಕೆ ಒಂದು. "ಕ್ಯಾಮೆರಾ ಬಂದಾಗ ನಮ್ಮ ಮುಂದೆ ನಿಲ್ಲುತ್ತಾರೆ, ಕಂಪ್ಲೇಂಟ್ ಬಂದಾಗ ನಮ್ಮ ಹಿಂದೆ" ಎಂಬ ಅರ್ಥದ ಒಂದು ಸಾಲು.

ಹೆಸರು ನಿಜಕ್ಕೂ ಸೇವ್ ಆಗಲಿಲ್ಲ. ಆದರೆ ಫಾರ್ಮಿನಲ್ಲಿ ಹೆಣ್ಣೋ ಗಂಡೋ, ಯಾವ ಮೂಲದವರು, ಎಷ್ಟು ವರ್ಷದ ಸರ್ವಿಸ್ ಎಂದೆಲ್ಲ ಕೇಳಿದ್ದೆವು. ಅದರ ಪ್ರಕಾರ ಉತ್ತರಗಳನ್ನು ಬೇರ್ಪಡಿಸಿ ನೋಡಲು ರಿಪೋರ್ಟಿನಲ್ಲಿ ಡ್ರಾಪ್‌ಡೌನ್ ಇಟ್ಟಿದ್ದೆ. (ನೋಡಲು ಚೆನ್ನಾಗಿರಲಿ ಅಂತ!) ಹೆಣ್ಣು, ಏಷ್ಯನ್, ಮೂರು ವರ್ಷ. ಆ ಪುಟ್ಟ ಠಾಣೆಯಲ್ಲಿ ಅಂಥವರು ಎಷ್ಟು ಜನ ಇದ್ದಾರು? ಮೂರು ಕ್ಲಿಕ್ ಸಾಕು.

"ಮೀಟಿಂಗ್‌ನಲ್ಲಿ ಕಮಾಂಡರ್ ನನ್ನ ಸೆಂಟೆನ್ಸ್ ಓದಿದ್ರು ಅಂಕಲ್. ನನ್ನನ್ನೇ ನೋಡ್ಕೊಂಡು."

ಯಾರೂ ಬೈಯಲಿಲ್ಲ. ಮುಂದಿನ ತಿಂಗಳು ಅವಳನ್ನು ಗಸ್ತಿನಿಂದ ತೆಗೆದು ರೆಕಾರ್ಡ್ಸ್ ಕೌಂಟರಿನಲ್ಲಿ ಕೂರಿಸಿದರು. ಡಿಟೆಕ್ಟಿವ್ ಆಗಲೆಂದು ಪರೀಕ್ಷೆಗೆ ಓದುತ್ತಿದ್ದ ಹುಡುಗಿ ಈಗ ಆಕ್ಸಿಡೆಂಟ್ ರಿಪೋರ್ಟಿನ ಕಾಪಿ ಕೊಡುತ್ತಾಳೆ. ಸಾರಿ ಕೇಳಿದೆ. "ಇಟ್ಸ್ ಓಕೆ ಅಂಕಲ್" ಎಂದಳು. ಓಕೆ ಆಗಿರಲಿಲ್ಲ. ಅವಳು ತಟ್ಟೆ ಅಲ್ಲೇ ಇಟ್ಟು ಹೊರಟುಹೋದಳು.

ಸೋಮವಾರ ನನ್ನ ಮ್ಯಾನೇಜರ್‌ಗೆ ಹೇಳಿದೆ, ಆ ಡ್ರಾಪ್‌ಡೌನ್ ತೆಗೆದುಬಿಡೋಣ ಅಂತ. ಕ್ಲೈಂಟ್ ಖುಷಿಯಾಗಿದ್ದಾರೆ, ಮುಟ್ಟಬೇಡ ಎಂದರು. ನನ್ನ ಗ್ರೀನ್ ಕಾರ್ಡ್ ಫೈಲ್ ಅವರ ಕೈಯಲ್ಲಿದೆ. ಮುಟ್ಟಲಿಲ್ಲ. ಆ ಹುಡುಗಿಗೆ ಧೈರ್ಯ ಹೇಳಿದ ಬಾಯಿ ಇದೇ ತಾನೆ? ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಮೊನ್ನೆ ಈ ವರ್ಷದ ಸರ್ವೇ ಮುಗಿಯಿತು. ಆ ಕಮಾಂಡರ್‌ಗೆ ಠಾಣೆಯಲ್ಲಿ ಎಲ್ಲರೂ ಐದಕ್ಕೆ ಐದು ಕೊಟ್ಟಿದ್ದಾರೆ. ಇಲಾಖೆ ಅವರನ್ನು ಸನ್ಮಾನಿಸಲಿದೆಯಂತೆ. "ನಮ್ಮ ಬೆನ್ನಿಗೆ ಸದಾ ನಿಲ್ಲುತ್ತಾರೆ" ಎಂದು ಮೇಘನಾ ಬರೆದಿದ್ದಾಳೆ.

ಅದು ಮೇಘನಾಳದೇ ಎಂದು ನನಗೆ ಹೇಗೆ ಗೊತ್ತಾಯಿತು ಅಂತೀರಾ?