ಆವಿ ಅಳೆಯಲು ಕೊಟ್ಟ ಕೂದಲು

ಮೊನ್ನೆ ತಲೆ ಬಾಚುವಾಗ ಹಣಿಗೆಯಲ್ಲಿ ಒಂದೇ ಒಂದು ಉದ್ದನೆಯ ಬಿಳಿಕೂದಲು ಸಿಕ್ಕಿಕೊಂಡಿತ್ತು. ಸುತ್ತಿ ಬಿಸಾಡಲು ಹೋದವಳು ಹಾಗೇ ಕೂತುಬಿಟ್ಟೆ. ಶಿಕಾರಿಪುರದ ನಮ್ಮ ಪಕ್ಕದ ಮನೆಯ ಮೇಷ್ಟ್ರು ನೆನಪಾದರು...

ಐವತ್ತರ ದಶಕದ ಕೊನೆಯ ಮಾತು. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಅವರಿಗೆ ಮಳೆಗಿಂತ, ಮಳೆಯಾಗದೆ ಉಳಿದ ಆವಿಯ ಮೇಲೆ ಮೋಹ. ಮುಂಗಾರಿನ ಗಾಳಿ ತೇವವನ್ನೆಲ್ಲ ಎತ್ತಿಕೊಂಡು ಮೋಡಗಳ ನೆತ್ತಿಯವರೆಗೂ ಹತ್ತುತ್ತದೆ, ದಾರಿಯಲ್ಲಿ ಬಹುಪಾಲು ಚಳಿಗೆ ಹೆಪ್ಪುಗಟ್ಟಿ ಕೆಳಗಿಳಿಯುತ್ತದೆ, ತಪ್ಪಿಸಿಕೊಂಡ ಚೂರು ಮಾತ್ರ ಇನ್ನೂ ಮೇಲಿನ ಒಣಗಾಳಿ ಸೇರಿ ದೇಶಾಂತರ ಹೋಗುತ್ತದೆ ಎಂದು ನಮ್ಮ ಜಗಲಿಯಲ್ಲಿ ಕೂತು ವಿವರಿಸುತ್ತಿದ್ದರು. ಅಜ್ಜಿ ಅಕ್ಕಿ ಆರಿಸುತ್ತಾ ಹೂಂಗುಡುತ್ತಿದ್ದಳು. ಒಂದಕ್ಷರವೂ ಅವಳ ತಲೆಗೆ ಹೋಗುತ್ತಿರಲಿಲ್ಲ.

"ಬಿದ್ದ ಮಳೇನ ಎಲ್ರೂ ಅಳೀತಾರವ್ವ. ಮೇಲೆ ಹೋದದ್ದನ್ನ ಯಾರು ಕೇಳ್ತಾರೆ?" ಎಂದರು ಒಮ್ಮೆ ನನಗೆ.

ಅದನ್ನು ಕೇಳಲೆಂದೇ ಒಂದು ಪೆಟ್ಟಿಗೆ ಮಾಡಿದರು. ಕೂದಲು ತೇವಕ್ಕೆ ಉದ್ದವಾಗುತ್ತದೆ, ಒಣಗಿದರೆ ಗಿಡ್ಡ. ಅದು ಎಳೆದಂತೆ ಕಡ್ಡಿಯೊಂದು ಮಸಿ ಹಿಡಿಸಿದ ಕಾಗದದ ಮೇಲೆ ಗೀರಬೇಕು. ಪೆಟ್ಟಿಗೆಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸುವುದು. ಅಷ್ಟೆತ್ತರಕ್ಕೆ ನಮ್ಮ ನೂಲು ಮುಟ್ಟುವುದಿಲ್ಲ, ಎಟುಕಿದಷ್ಟು ನೋಡೋಣ ಎಂದು ಅವರೇ ನಗುತ್ತಿದ್ದರು. ಎಲ್ಲ ಸರಿ, ಕೂದಲು? ಅವರದೋ ಬೋಳುತಲೆ, ಮನೆಯಲ್ಲಿ ಹೆಂಗಸರಿಲ್ಲ. ಉದುರಿದ ಕೂದಲು ಬೇರೆಯವರ ಕೈಗೆ ಸಿಕ್ಕರೆ ಮಾಟಕ್ಕಾಗುತ್ತದೆ ಎಂದು ಹೆದರುತ್ತಿದ್ದ ಕಾಲ. ಬಾಚಿದ್ದನ್ನು ಉಂಡೆ ಕಟ್ಟಿ, ಥೂ ಎಂದು ಉಗುಳಿ, ಹೊರಗೋಡೆಯ ಸಂದಿಗೆ ತುರುಕುತ್ತಿದ್ದೆವು. ಅಜ್ಜಿಯನ್ನು ಕೇಳುವ ಧೈರ್ಯ ಅವರಿಗಿರಲಿಲ್ಲ. ನಾನೇ ನಾಲ್ಕು ಎಳೆ ಕಿತ್ತು ಕೊಟ್ಟೆ. ಕೇರಿಗೆಲ್ಲ ಗೊತ್ತಿದ್ದ ಕೆಂಚುಗೂದಲು ನನ್ನದು. ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಆಷಾಢದಲ್ಲಿ ಮಳೆ ಬಿಡುವು ಕೊಟ್ಟ ಒಂದು ದಿನ ಪಟ ಏರಿತು, ನೂಲು ಹರಿಯಿತು. ಮರುದಿನ ಗದ್ದೆಯಲ್ಲಿ ಸಿಕ್ಕಿತೆಂದು ರೈತನೊಬ್ಬ ಪೆಟ್ಟಿಗೆಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ನಮ್ಮ ಕೇರಿಗೆ ಬಂದ. ಒಳಗೆ ಹೆಂಗಸಿನ ಕೂದಲು, ಮಸಿ... ಇನ್ನೇನು ಬೇಕು? ಬಣ್ಣ ನೋಡಿದ್ದೇ ಅಜ್ಜಿಯ ಮುಖ ಬಿಳಚಿಕೊಂಡಿತು. ಆನವಟ್ಟಿಯಲ್ಲಿ ನನಗೆ ಗಂಡು ಗೊತ್ತಾಗಿತ್ತು. ಪರಗಂಡಸಿಗೆ ನಾನೇ ಕೂದಲು ಕೊಟ್ಟೆನೆಂದು ತಿಳಿದರೆ ಆ ಸಂಬಂಧ ಉಳಿಯುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದೆ.

ಮೇಷ್ಟ್ರು ಮುಂದೆ ಬಂದರು. "ನಿಮ್ಮ ಗೋಡೆ ಸಂದೀಲಿದ್ದಿದ್ದನ್ನ ನಾನೇ ಕದ್ದೆ ರೀ ಅವ್ವಾ. ಹುಡುಗೀಗೆ ಏನೂ ಗೊತ್ತಿಲ್ಲ."

ಕೇರಿಯವರು ಪೆಟ್ಟಿಗೆಯನ್ನು ಅಲ್ಲೇ ಸುಟ್ಟರು. ಗೀರು ಎಲ್ಲಿಯವರೆಗೆ ಹೋಗಿತ್ತೆಂದು ಮೇಷ್ಟ್ರಿಗೆ ನೋಡಲೂ ಆಗಲಿಲ್ಲ.

ಅಂದಿನಿಂದ ಊರಿಗೆ ಅವರು ಕೂದಲುಗಳ್ಳ ಮೇಷ್ಟ್ರು. ಜಗಲಿಯ ಮಾತು ನಿಂತಿತು. ನನ್ನ ಮದುವೆಯ ಊಟಕ್ಕೂ ಕರೆಯಲಿಲ್ಲ. ಸೊರಬಕ್ಕೆ ವರ್ಗವಾಯಿತೆಂದು ಆಮೇಲೆ ತವರಿನವರು ಹೇಳಿದರು. ಆನವಟ್ಟಿಯಿಂದ ಸೊರಬ ಏನು ಮಹಾ ದೂರ, ಒಂದು ಬಸ್ಸಿನ ದಾರಿ. ಹೋಗಬೇಕು, ಹೋಗಬೇಕು ಎನ್ನುತ್ತಲೇ ವರ್ಷಗಳು ಹೋದವು... ಅವರು ತೀರಿಕೊಂಡ ಸುದ್ದಿ ಬಂದಾಗ ಒಲೆಯ ಮುಂದೆ ಕೂತು ಅತ್ತೆ. ಹೊಗೆಯ ನೆಪವಿತ್ತು.

ಈಗ ಅಜ್ಜಿಯಿಲ್ಲ, ಯಜಮಾನರಿಲ್ಲ, ಕೂದಲಿನ ಕೆಂಚೂ ಇಲ್ಲ. ಹೊರಗೆ ಆಷಾಢದ ಮಳೆ ಸುರಿಯುತ್ತಿದೆ. ಕಿಟಕಿಗೆ ಹಿಡಿದರೆ ಈ ಬಿಳಿ ಎಳೆಯೂ ಕೂದಲೆಳೆಯಷ್ಟು ಉದ್ದವಾಗುತ್ತಿರಬೇಕು, ಅಳೆಯುವವರಿಲ್ಲ. ಮೇಷ್ಟ್ರೇ, ನೀವು ಕದಿಯಲಿಲ್ಲ. ನಾನೇ ಕೊಟ್ಟದ್ದು.