ಅತ್ತಿಗೆಯ ಎರಡು ಬೆರಳು

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ದೀಪ್ತಿ ಎಂಬ ಹುಡುಗಿ ಹೋದ ತಿಂಗಳು ಒಂದು ಗಿಟಾರ್ ಕೊಂಡಳು. ಕೊಂಡದ್ದು ಅವಳೊಬ್ಬಳೇ ಆದರೂ ಪಾಠ ಮಾತ್ರ ನನಗೂ ಆಗುತ್ತಿದೆ, ಏಕೆಂದರೆ ಅವಳ ಕೋಣೆ ಇರುವುದು ಸರಿಯಾಗಿ ನನ್ನ ಕೋಣೆಯ ಮೇಲೆ. ಮೊನ್ನೆ ಸಂಜೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆ. ಮೇಲಿನಿಂದ ‘ಝಂಯ್’ ಎಂದು ಬರಬೇಕಾಗಿದ್ದ ನಾದ ‘ಝಟ್’ ಎಂದು ಅಲ್ಲೇ ಸತ್ತುಬಿತ್ತು. ಇನ್ನೊಮ್ಮೆ ‘ಝಟ್’. ಸೊಪ್ಪಿನ ಮೇಲಿದ್ದ ನನ್ನ ಕೈ ನಿಂತುಹೋಯಿತು. ಮೆಟ್ಟಿಲು ಹತ್ತಿ ನೋಡುವ ಅಗತ್ಯವೇ ಇರಲಿಲ್ಲ. ಅದು ಏ ಕಾರ್ಡು. ಮೂರು ಬೆರಳುಗಳು ಒಂದನ್ನೊಂದು ನೂಕಾಡಿ ನಡುವಿನ ತಂತಿಯ ಉಸಿರು ಕಟ್ಟಿಸಿದಾಗ ಬರುವ ಸದ್ದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಒಂದು ವರ್ಷ ಪೂರ್ತಿ ಇದೇ ಸದ್ದು ಹೊರಡಿಸಿದ್ದೇನೆ. ಈ ಒಂದು ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಬೆಂಗಳೂರಿನಲ್ಲಿ ಇರಲಿಕ್ಕಿಲ್ಲ.

ಗಿಟಾರ್ ಮುಟ್ಟದವರಿಗೆ ಇಷ್ಟು ಹೇಳಿದರೆ ಸಾಕು. ಅದರ ಕತ್ತಿನ ಮೇಲೆ ಅಡ್ಡಡ್ಡಲಾಗಿ ಸಣ್ಣ ಕಂಬಿಗಳಿರುತ್ತವೆ. ಎರಡು ಕಂಬಿಗಳ ನಡುವಿನ ಜಾಗಕ್ಕೆ ಒಂದು ಮನೆ ಎನ್ನೋಣ. ಎರಡನೆಯ ಮನೆಯಲ್ಲಿ ಅಕ್ಕಪಕ್ಕದ ಮೂರು ತಂತಿಗಳನ್ನು ಎಡಗೈಯಿಂದ ಒಟ್ಟಿಗೆ ಒತ್ತಿಹಿಡಿದು ಬಲಗೈಯಿಂದ ಮೀಟಿದರೆ ಏ ಕಾರ್ಡು. ಕೇಳುವುದಕ್ಕೆ ಬಹಳ ಸುಲಭ. ಆದರೆ ಆ ಮನೆಯೋ ವಠಾರದ ಕೋಣೆಯಷ್ಟು ಇಕ್ಕಟ್ಟು, ನನ್ನ ಬೆರಳುಗಳೋ ಅಮ್ಮನ ತವರಿನ ಕಡೆಯವು, ಪುಟ್ಟಬಾಳೆಯ ಗಾತ್ರ. ಮೂರನ್ನೂ ಅಲ್ಲಿ ಸಂಸಾರ ಹೂಡಿಸಲು ಹೋದರೆ ಒಂದಾದರೂ ಹೊಸಿಲ ಹೊರಗೆ ಉಳಿಯುತ್ತಿತ್ತು.

ಇದೆಲ್ಲ ಅರವತ್ತರ ದಶಕದ ನಡುಭಾಗದ ಮಾತು. ಜಯನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡು ಬಂದಿದ್ದೆವು. ಬಸವನಗುಡಿಯ ನೆಂಟರು ನಮ್ಮನ್ನು ಕಾಡಿಗೆ ಕಳಿಸಿಕೊಡುವವರಂತೆ ಕಳಿಸಿಕೊಟ್ಟಿದ್ದರು. ಅವರದೇನೂ ತಪ್ಪಿಲ್ಲ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಮನುಷ್ಯರಿಗಿಂತ ಮೇಯುವ ಎಮ್ಮೆಗಳು ಹೆಚ್ಚು. ಅಲ್ಲಿಂದ ಮುಂದಕ್ಕೆ ರಾಗಿ ಹೊಲ. ಗಿಟಾರ್ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಎಮ್ಮೆಗಳು ಒಂದು ದಿನವೂ ದೂರು ಹೇಳಲಿಲ್ಲ.

ದೂರೇನಿದ್ದರೂ ಅಪ್ಪನದು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರು, ಸಂಗೀತ ಕಚೇರಿಗಳಲ್ಲಿ ಮೊದಲ ಸಾಲಿನ ತಲೆದೂಗುವವರು. ನಾನು ಊಟ ಬಿಟ್ಟು ಹಠ ಮಾಡಿದ್ದಕ್ಕೆ ಗಿಟಾರ್ ಕೊಡಿಸಿದರೇ ಹೊರತು ಒಪ್ಪಿಗೆಯಿಂದಲ್ಲ. “ಅದು ಕ್ಲಬ್ಬಿನಲ್ಲಿ ಕುಣಿಯೋರ ವಾದ್ಯ. ಯಾರಾದ್ರೂ ಬಂದಾಗ ಹೊರಗೆ ತೆಗೀಬೇಡ,” ಎಂದು ಕಟ್ಟಪ್ಪಣೆಯಾಗಿತ್ತು. ಭಾನುವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಗಿಟಾರ್ ಮಾಸ್ಟರ್ ಅಪ್ಪನಿಗಿಂತ ಕಟ್ಟುನಿಟ್ಟು. ಅವರ ಪ್ರಕಾರ ಏ ಕಾರ್ಡಿಗೆ ಇದ್ದದ್ದು ಒಂದೇ ದಾರಿ: ತೋರುಬೆರಳು, ನಡುಬೆರಳು, ಉಂಗುರಬೆರಳು ಸಾಲಾಗಿ ಇಳಿಯಬೇಕು. ನಾನು ಕಳ್ಳದಾರಿ ಹುಡುಕಿ ತೋರುಬೆರಳನ್ನು ನಡುಬೆರಳಿನ ಕೆಳಗೆ ತೂರಿಸಿದರೆ, “ನೋ ಶಾರ್ಟ್‌ಕಟ್, ಮಗು,” ಎಂದು ಸ್ಕೇಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು.

ಆ ವರ್ಷವೇ ಅಣ್ಣನ ಮದುವೆಯಾಗಿ ವನಜತ್ತಿಗೆ ಮೈಸೂರಿನಿಂದ ನಮ್ಮ ಮನೆಗೆ ಬಂದರು. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ಏನನ್ನೋ ಕೇಳಿಸಿಕೊಳ್ಳುತ್ತಿರುವವರ ಹಾಗೆ ತಲೆ ಸ್ವಲ್ಪ ಓರೆ ಮಾಡಿಕೊಂಡು ಮಾತಾಡುತ್ತಿದ್ದ ಅವರು ಎಂಟು ವರ್ಷದವರಿದ್ದಾಗಿನಿಂದ ವೀಣೆ ಕಲಿತವರು. ಅಪ್ಪ ಈ ಸೊಸೆಯನ್ನು ಆರಿಸಿದ್ದೇ ಅದಕ್ಕಾಗಿ. ಹಾಲಿನವನಿಂದ ಹಿಡಿದು ಕಚೇರಿಯ ಸಾಹೇಬರವರೆಗೆ ಎಲ್ಲರಿಗೂ, “ನಮ್ಮ ಸೊಸೆ ವೀಣೆ ಬಾರಿಸ್ತಾಳೆ,” ಎಂದು ಹೇಳಿ ಮುಗಿಸಿದ್ದರು. ಆದರೆ ಮದುವೆಯ ಸಾಮಾನಿನ ಜೊತೆ ಲಾರಿಯಲ್ಲಿ ಬಂದ ವೀಣೆ ದಾರಿಯಲ್ಲೇ ಕೆಟ್ಟಿತ್ತು. ಬುರುಡೆ ಒಡೆದಿತ್ತು. ಬಿಸಿಲಿಗೆ ಮೇಣ ಕರಗಿ, ಗಿಟಾರಿನ ಕಂಬಿಗಳಂಥ ಅದರ ಮೆಟ್ಟಿಲುಗಳು ಜಾರಿದ್ದವು. ಅಣ್ಣ ಅದನ್ನು ಬಳೇಪೇಟೆಯ ರಿಪೇರಿಯವರಿಗೆ ಕೊಟ್ಟುಬಂದ. ಅವರು ಮುಂದಿನ ವಾರ ಅಂದರು. ಅದೆಂಥ ಮುಂದಿನ ವಾರವೋ, ಯುಗಾದಿ ಹೋಯಿತು, ಗೌರಿಹಬ್ಬ ಹೋಯಿತು, ದೀಪಾವಳಿಯೂ ಹೋಯಿತು. ಅಣ್ಣ ಫ್ಯಾಕ್ಟರಿಯ ಶಿಫ್ಟಿನ ನಡುವೆ ನೆನಪಾದಾಗ ಹೋಗಿ ವಿಚಾರಿಸಿ ಬರುತ್ತಿದ್ದ. ಅಪ್ಪನಂತೂ ವೀಣೆಯ ಬಗ್ಗೆ ಹೇಳಿಕೊಳ್ಳುವುದರಲ್ಲೇ ಎಷ್ಟು ತೃಪ್ತರಾಗಿದ್ದರೆಂದರೆ ಮನೆಯಲ್ಲಿ ವೀಣೆಯೇ ಇಲ್ಲವೆಂಬುದು ಅವರಿಗೆ ಮರೆತೇಹೋಗಿತ್ತು. ಅತ್ತಿಗೆ ಯಾರನ್ನೂ ಏನೂ ಕೇಳಲಿಲ್ಲ. ಹೊಸ ಸೊಸೆ, ಬಾಯಿಬಿಟ್ಟು ಕೇಳುವ ಕಾಲ ಅದಲ್ಲ.

ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಅಮ್ಮ ಮಲಗಿದ್ದರು. ನನ್ನ ಕೋಣೆಯಲ್ಲಿ ಅತ್ತಿಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ನನ್ನ ಗಿಟಾರನ್ನು ವೀಣೆಯ ಹಾಗೆ ತೊಡೆಗೊರಗಿಸಿಕೊಂಡು ಕೂತಿದ್ದರು. ನನ್ನನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಬೆಚ್ಚಿದರು. ಮನೆಯವರೆಲ್ಲ ಕರೆಯುತ್ತಿದ್ದಂತೆ ಅವರೂ ನನ್ನನ್ನು ಪುಟ್ಟಿ ಎನ್ನುತ್ತಿದ್ದರು.

“ಬೈಕೋಬೇಡ ಪುಟ್ಟಿ. ಗೆರೆ ಮಾಯ್ತಾ ಇದೆ,” ಎಂದು ಎಡಗೈ ಚಾಚಿದರು.

ವೀಣೆ ಬಾರಿಸುವವರ ಎಡಗೈಯ ತೋರುಬೆರಳು, ನಡುಬೆರಳುಗಳನ್ನು ನೀವು ನೋಡಿದ್ದೀರೋ ಇಲ್ಲವೋ. ತಂತಿಯನ್ನು ಒತ್ತಿ, ಎಳೆದು, ಜಾರಿಸಿ, ವರ್ಷಗಟ್ಟಲೆ ಎಣ್ಣೆ ಸವರಿ ಅಲ್ಲಿ ಒಂದು ಗೆರೆ ಬೀಳುತ್ತದೆ. ಚರ್ಮ ಗಟ್ಟಿಯಾಗಿ ತಂತಿ ಕೂರಲು ಒಂದು ಕಾಲುವೆಯೇ ಆಗುತ್ತದೆ. ಅತ್ತಿಗೆಯ ಬೆರಳಲ್ಲಿ ಅದು ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಅವರಿಗೆ ಕಲಿಸಿದ್ದು ಮೈಸೂರಿನ ಒಬ್ಬ ವೃದ್ಧೆ. ಶಿಷ್ಯೆಯರೆಲ್ಲ ಆಕೆಯನ್ನು ವೀಣಮ್ಮ ಎಂದೇ ಕರೆಯುತ್ತಿದ್ದರಂತೆ. ಮದುವೆಯ ಹಿಂದಿನ ದಿನ ಆಕೆ ಈ ಬೆರಳುಗಳನ್ನು ಹಿಡಿದುಕೊಂಡು, ಈ ಗೆರೆ ಮಾಯೋಕೆ ಬಿಟ್ಟರೆ ನಾನು ಕಲಿಸಿದ್ದೆಲ್ಲ ಮಾಯ್ದ ಹಾಗೆ ಎಂದು ಹೇಳಿ ಕಳಿಸಿದ್ದರಂತೆ.

“ಮಾಘದಲ್ಲಿ ತ್ಯಾಗರಾಜನಗರದಲ್ಲಿ ಅವರ ಮೊಮ್ಮಗಳ ಮದುವೆ. ಬಂದೋರು ಇಲ್ಲಿಗೂ ಬಂದೇ ಬರ್ತಾರೆ. ಮೊದಲು ನೋಡೋದು ನನ್ನ ಮುಖ ಅಲ್ಲ, ಬೆರಳು. ಏನು ತೋರಿಸ್ಲಿ?” ಅಂದರು ಅತ್ತಿಗೆ. ಕಣ್ಣು ತುಂಬಿತ್ತು. ಅಷ್ಟು ತಿಂಗಳಲ್ಲಿ ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

ಅಂದಿನಿಂದ ಮಧ್ಯಾಹ್ನ ಗಿಟಾರ್ ಅವರದು, ಸಂಜೆ ನನ್ನದು. ನಾನು ಗುರುವಿನ ಗತ್ತಿನಲ್ಲಿ ಏ ಕಾರ್ಡಿನಿಂದಲೇ ಪಾಠ ಶುರುಮಾಡಿದೆ. ನನಗೇ ಬಾರದ್ದನ್ನು ಕಲಿಸುವ ಧೈರ್ಯ ಹತ್ತೊಂಬತ್ತಕ್ಕಲ್ಲದೆ ಇನ್ಯಾವಾಗ ಬರಬೇಕು? ಆದರೆ ಅವರಿಗೆ ಉಂಗುರಬೆರಳು ಏಳಲೇ ಇಲ್ಲ. ವೀಣೆಗೆ ಎಡಗೈಯಲ್ಲಿ ದುಡಿಯುವುದು ತೋರುಬೆರಳು, ನಡುಬೆರಳು ಎರಡೇ. “ಉಳಿದ ಎರಡು ಬೆರಳಿಗೆ ಏನೂ ಗೊತ್ತಿಲ್ಲ ಪುಟ್ಟಿ, ಪಾಪ,” ಎಂದು ಅತ್ತಿಗೆ ಅವುಗಳ ಪರವಾಗಿ ಕ್ಷಮೆ ಕೇಳಿದರು. ಒಂದೇ ಬೆರಳನ್ನು ಮೂರು ತಂತಿಗಳ ಮೇಲೂ ಅಡ್ಡ ಮಲಗಿಸಿ ನೋಡಿದರು. ಅದು ಪಕ್ಕದ ತಂತಿಯನ್ನೂ ಮುಚ್ಚಿಹಾಕಿತು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವರು ಒಂದೊಂದೇ ತಂತಿ ಮೀಟಿ, ತಲೆ ಓರೆ ಮಾಡಿ ಕೇಳಿಸಿಕೊಂಡು, ಪಂಚಮ, ಷಡ್ಜ, ಗಾಂಧಾರ ಎಂದು ಗುರುತು ಹಿಡಿದರು. ನಾನು ತಿಂಗಳುಗಟ್ಟಲೆ ಒದ್ದಾಡಿದ್ದ ಆ ಸದ್ದಿನೊಳಗೆ ಮೂರು ಸ್ವರಗಳು ಕೂತಿದ್ದಾವೆ ಎಂಬುದು ನನಗೆ ತಿಳಿದದ್ದೇ ಆ ಹೊತ್ತು.

ಮಾರನೆಯ ದಿನವೋ ಅದರ ಮಾರನೆಯ ದಿನವೋ ಅತ್ತಿಗೆ ತೋರುಬೆರಳನ್ನು ತುಸು ಮಲಗಿಸಿ ಅದೊಂದರಿಂದಲೇ ಎರಡು ತಂತಿ ಒತ್ತಿದರು. ಮೂರನೆಯ ತಂತಿಗೆ ನಡುಬೆರಳು. ಮೀಟಿದರು. ಎಲ್ಲ ತಂತಿಗಳೂ ಒಟ್ಟಿಗೆ ಮಾತಾಡಿದವು. ಒಂದರ ಉಸಿರೂ ಕಟ್ಟಿರಲಿಲ್ಲ.

“ಸ, ಪ ಎರಡೂ ಅಲುಗಾಡೋ ಸ್ವರ ಅಲ್ಲ, ಒಂದು ಬೆರಳಿನ ಕೆಳಗೇ ಇರ್ಲಿ. ಗಾಂಧಾರ ನೋಡು, ಅದಕ್ಕೆ ಬೇರೆ ಬೆರಳು ಕೊಟ್ರೆ ಆಡಿಸಬಹುದು,” ಎಂದು ನಡುಬೆರಳನ್ನು ಮೆಲ್ಲಗೆ ತೂಗಿದರು. ಕಾರ್ಡಿನೊಳಗೆ ಗಾಂಧಾರ ಮಾತ್ರ ಬಳುಕಿತು. ಗಿಟಾರಿನಲ್ಲಿ ಹಾಗೊಂದು ಸದ್ದಿದೆಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹೊಟ್ಟೆಕಿಚ್ಚು ಪಡಬೇಕಾಗಿತ್ತು, ಆಗಲಿಲ್ಲ. ಅಷ್ಟು ಚೆನ್ನಾಗಿತ್ತು.

ಒಂದು ಭಾನುವಾರ ನಾನು ಮಾಸ್ಟರ ಮುಂದೆ ಅತ್ತಿಗೆಯ ಹಾಗೆ ಹಿಡಿದೆ. ಸ್ಕೇಲು ಮೇಲೆದ್ದದ್ದು ಹಾಗೆಯೇ ನಿಂತಿತು. “ಯಾರು ಹೇಳ್ಕೊಟ್ಟಿದ್ದು?” ಎಂದರು. ನಾನು ಬಾಯಿಬಿಡಲಿಲ್ಲ. ಮುಂದೆ ಅವರು ದಪ್ಪ ಬೆರಳಿನ ಶಿಷ್ಯರಿಗೆಲ್ಲ ಇದನ್ನೇ ಹೇಳಿಕೊಡಲು ಶುರುಮಾಡಿ, ‘ಜಯನಗರ್ ಏ’ ಎಂದು ಹೆಸರಿಟ್ಟರಂತೆ. ಆ ಹೆಸರಿನ ಒಡತಿ ಒಳಗೆ ಒಗ್ಗರಣೆ ಹಾಕುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಮಾಘ ಬಂತು, ವೀಣಮ್ಮನೂ ಬಂದರು. ವೀಣೆ ಮಾತ್ರ ಬರಲಿಲ್ಲ. ಕುಳ್ಳಗಿನ, ನೆಟ್ಟಗಿನ ಮುದುಕಿ. ಅಪ್ಪ ಬಾಗಿಲಿಗೇ ಹೋಗಿ, “ಬನ್ನಿ ಬನ್ನಿ, ನಿಮ್ಮ ಶಿಷ್ಯೆ ನಮ್ಮ ಮನೆಗೆ ಕಳೆ ತಂದಿದಾಳೆ,” ಎಂದು ಕರೆತಂದು ಕೂರಿಸಿದರು. ಅಮ್ಮ ಕಾಫಿ ಹಿಡಿದುಕೊಂಡು ಬಂದರು.

“ಕಾಫಿ ಆಮೇಲೆ. ವನಜಾ, ಕೈ ಕೊಡೆ,” ಎಂದರು ವೀಣಮ್ಮ.

ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ತಮ್ಮ ಹೆಬ್ಬೆರಳಿನಿಂದ ಸವರಿ ನೋಡಿದರು. “ಗೆರೆ ಇದೆ,” ಎಂದರು. ಅತ್ತಿಗೆ ಉಸಿರುಬಿಟ್ಟದ್ದು ನನಗೆ ಕೇಳಿಸಿತು. ಆದರೆ ಮುದುಕಿ ಕೈ ಬಿಡಲಿಲ್ಲ. ಇನ್ನೊಮ್ಮೆ ಸವರಿದರು.

“ಇದು ವೀಣೆ ಗೆರೆ ಅಲ್ಲ. ತೋರುಬೆರಳಲ್ಲಿ ಎರಡಿದೆ. ಎರಡು ತಂತಿ ಒಟ್ಟಿಗೆ ಒತ್ತೋಕೆ ನಾನು ಯಾವತ್ತು ಹೇಳ್ಕೊಟ್ಟೆನೆ?”

ಅಪ್ಪ ಅಮ್ಮನ ಮುಖ ನೋಡಿದರು, ಅಮ್ಮ ಕಾಫಿ ಲೋಟ ನೋಡಿದರು. ಗಿಟಾರ್ ಬಾರಿಸಿ ಎಂದು ನಾನೇ ಒತ್ತಾಯ ಮಾಡಿದೆನೆಂದು ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆಯೇ ಹೇಳಿಬಿಟ್ಟರು.

“ಗಿಟಾರು, ವೀಣಮ್ಮ. ವೀಣೆ ರಿಪೇರೀಗೆ ಕೊಟ್ಟಿದೆ. ನಾನು ಈ ಮನೆಗೆ ಬಂದಾಗಿಂದ ಬಳೇಪೇಟೇಲೇ ಇದೆ. ಬೆರಳು ಸುಮ್ನಿದ್ರೆ ಮಾಯತ್ತೆ ಅಂತ ಪುಟ್ಟಿ ಗಿಟಾರಲ್ಲಿ ಒತ್ತಿಕೊಂಡಿದ್ದೆ.”

ಅಪ್ಪನ ಮುಂದೆ ಅತ್ತಿಗೆ ಅಷ್ಟುದ್ದದ ಮಾತಾಡಿದ್ದು ಅದೇ ಮೊದಲು. ವೀಣಮ್ಮ ನನ್ನತ್ತ ತಿರುಗಿ, “ಅದೇನು ವಾದ್ಯಾನೋ, ತಗೊಂಬಾ ಮಗು,” ಎಂದರು. ಯಾರಾದರೂ ಬಂದಾಗ ಹೊರಗೆ ತೆಗೆಯಬಾರದೆಂಬ ಅಪ್ಪಣೆ ನೆನಪಿದ್ದೂ ನಾನು ಓಡಿದೆ.

ಅತ್ತಿಗೆ ಜಮಖಾನದ ಮೇಲೆ ಕೂತು ಹಿಡಿದರು. ತೋರುಬೆರಳು ಮಲಗಿತು, ನಡುಬೆರಳು ನಿಂತಿತು. ಮೀಟಿದರು. ಗಾಂಧಾರ ಬಳುಕಿತು. ವೀಣಮ್ಮ ಕಣ್ಣು ಮುಚ್ಚಿದರು.

“ಮದುವೆ ಆರ್ಕೆಸ್ಟ್ರಾದೋರ ಜೊತೆ ಒಬ್ಬ ಇದನ್ನ ಬಾರಿಸೋದು ನೋಡಿದೀನಿ,” ಎಂದರು ಕಣ್ಣು ತೆರೆದು. “ಅವನು ನಾಲ್ಕೂ ಬೆರಳು ಹಾಕ್ತಿದ್ದ. ನೀನ್ಯಾಕೆ ಎರಡೇ?”

“ನೀವು ಕೊಟ್ಟಿದ್ದು ಎರಡೇ ಅಲ್ವಾ ವೀಣಮ್ಮ,” ಎಂದರು ಅತ್ತಿಗೆ.

ಆ ಮುದುಕಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು, ಆಮೇಲೆ ಕಣ್ಣನ್ನೂ. ಅಪ್ಪನ ಕಡೆಗೆ ತಿರುಗಿ, “ಅವಳ ಕೈಯಲ್ಲಿ ಆಗೋದನ್ನ ಅವಳು ಉಳಿಸ್ಕೊಂಡಿದಾಳೆ ರಾಯರೇ. ವೀಣೆ ತರಿಸೋದು ನಿಮ್ಮ ಕೈಯಲ್ಲಿದೆ,” ಎಂದರು. ಗಟ್ಟಿಯಾಗೇನೂ ಅನ್ನಲಿಲ್ಲ. ಆಮೇಲೆ ತಣ್ಣಗಾಗಿದ್ದ ಕಾಫಿಯನ್ನೇ ಕುಡಿದು, ತಮ್ಮ ಬೆರಳಿಗೂ ಆ ಏ ಕಾರ್ಡನ್ನು ಹೇಳಿಸಿಕೊಂಡರು. ಮೊದಲ ಸಲಕ್ಕೇ ನಾದ ಹೊರಟಿತು. ನನ್ನ ಒಂದು ವರ್ಷದ ಸಾಧನೆಯ ಮಾತು ಬಿಡಿ.

ಮರುದಿನ ಅಪ್ಪ ಕಚೇರಿಗೆ ರಜೆ ಹಾಕಿ ಬಳೇಪೇಟೆಗೆ ಹೋದರು. ಅದರ ಮರುದಿನವೂ ಹೋದರು. ಆ ವಾರವೆಲ್ಲ ಅಂಗಡಿಯ ಬೆಂಚಿನ ಮೇಲೆಯೇ ಅವರ ವಾಸ. ಕೊನೆಗೊಂದು ಸಂಜೆ ಟ್ಯಾಕ್ಸಿಯಲ್ಲಿ ವೀಣೆಯನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿಳಿದರು. ಅಂದು ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆಗೆ, “ತಡ ಆಯ್ತಮ್ಮ,” ಎಂದರು. ಅಪ್ಪನ ಬಾಯಲ್ಲಿ ಅದು ದೊಡ್ಡ ಮಾತು. ಮುಂದೆ ಅತ್ತಿಗೆ ಸುಮಾರು ಐವತ್ತೈದು ವರ್ಷ ವೀಣೆ ಬಾರಿಸಿದರು, ಬಹಳ ಜನಕ್ಕೆ ಕಲಿಸಿದರು. ನನ್ನ ಗಿಟಾರ್ ನನ್ನ ಮದುವೆಯಾದ ಮೇಲೆ ಯಾರ ಮನೆಯ ಅಟ್ಟ ಸೇರಿತೋ ಗೊತ್ತಿಲ್ಲ. ಸಂಗೀತಕ್ಕೆ ಅದರಿಂದ ನಷ್ಟವೇನೂ ಆಗಿಲ್ಲ.

ಮೊನ್ನೆ ಸೊಪ್ಪನ್ನು ಹಾಗೇ ಬಿಟ್ಟು ಅತ್ತಿಗೆಗೆ ಫೋನ್ ಮಾಡಿದೆ. ಅಣ್ಣ ತೀರಿಕೊಂಡ ಮೇಲೆ ಬನಶಂಕರಿಯಲ್ಲಿ ಮಗಳ ಜೊತೆ ಇದ್ದಾರೆ. ಎಂಬತ್ತು ದಾಟಿದೆ. ಮಂಡಿ ಮಡಚಲಾಗದೆ, ನೆಲದ ಮೇಲೆ ಕೂರಲಾಗದೆ, ವೀಣೆಯನ್ನು ಶಿಷ್ಯೆಯೊಬ್ಬಳಿಗೆ ಕೊಟ್ಟುಬಿಟ್ಟಿದ್ದಾರೆ. ಮಹಡಿಯ ಹುಡುಗಿ ಏ ಕಾರ್ಡಿನ ಜೊತೆ ಗುದ್ದಾಡುತ್ತಿರುವುದನ್ನು ಹೇಳಿದೆ. ಇಬ್ಬರೂ ನಕ್ಕೆವು. ಆಮೇಲೆ, ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

“ಅತ್ತಿಗೆ, ಗೆರೆ ಇದೆಯಾ?”

“ಮಾಯ್ದು ಹೋಯ್ತು ಪುಟ್ಟಿ. ಬೆರಳೆಲ್ಲ ಮಗು ಬೆರಳಿನ ಹಾಗೆ ಆಗಿದೆ.”

ಮೇಲಿನಿಂದ ಮತ್ತೆ ‘ಝಟ್’ ಎಂದಿತು. ಅದು ಫೋನಿನಲ್ಲಿ ಅವರಿಗೂ ಕೇಳಿಸಿರಬೇಕು.

“ಆ ಹುಡುಗೀನ ಕೇಳು, ಭಾನುವಾರ ಗಿಟಾರ್ ಕೆಳಗೆ ತರ್ತಾಳಾ ಅಂತ,” ಎಂದರು ಅತ್ತಿಗೆ. “ಅವಳಿಗೂ ತೋರಿಸ್ತೀನಿ, ನಾನೂ ಒಂದಷ್ಟು ಒತ್ತಿ ನೋಡ್ತೀನಿ. ಅದಕ್ಕೆ ನೆಲದ ಮೇಲೆ ಕೂರ್ಬೇಕು ಅಂತ ಏನೂ ಇಲ್ವಲ್ಲ. ನಿಮ್ಮನೇಲಿ ಕೈ ಇಲ್ಲದ ಕುರ್ಚಿ ಇದೆಯಾ?”